ಮೋಟ್ರು ತಿರುಗ್ತತಿ, ಗಾಲಿ ತಿರುಗಲ್ಲ

ಹೋದ ಭಾನುವಾರ ನಮ್ಮ ಹುಡುಗಂಗೆ ಸುಮ್ಮಸುಮ್ಮನೆ ಬೈದುಬಿಟ್ಟೆ ಕಣ್ರೀ. ಅವರಪ್ಪ ಬೆಂಗಳೂರಿಂದ ತಂದುಕೊಟ್ಟಿದ್ದ ರಿಮೋಟ್ ಕಾರು ನಿಂತುಹೋಗಿತ್ತು. "ಹೊಂಡದ ತಾವ ಮಣ್ಣಾಗೆ ಓಡಿಸಿ ಕೆಡಿಸಿದೀಯ" ಅಂದೆ. "ನಾನು ಹೊರಗೇ ಒಯ್ದಿಲ್ಲಮ್ಮ" ಅಂದ. ನಾನು ನಂಬಲಿಲ್ಲ. ಕಾರು ತಗಂಡು ಮಂಚದ ಕೆಳಗೆ ಹೋಗಿ ಕುಂತ.

ಮಧ್ಯಾಹ್ನ ನಾನೇ ನೋಡಿದೆ. ಹೊಸ ಸೆಲ್ ಹಾಕಿದ್ರೂ ಅಷ್ಟೇ. ಗುಂಯ್ ಅಂತ ಸದ್ದು ಬರ್ತತಿ, ಗಾಡಿ ಕದಲಲ್ಲ. ನಮ್ಮ ಮಿಕ್ಸಿ ಕಪ್ಲರ್ ಸವೆದಾಗ ಹಿಂಗೇ ಅಲ್ವಾ, ಕೆಳಗೆ ಮೋಟ್ರು ಕೂಗ್ತತಿ, ಜಾರಿನಾಗೆ ಉದ್ದಿನಬೇಳೆ ಹಂಗೇ ಕುಂತಿರ್ತತಿ! ಅಂದ್ರೆ ಮೋಟ್ರು ಸರಿಗೈತಿ, ನಡುವೆ ಎಲ್ಲೋ ತಪ್ಪೈತಿ.

ತಿರುಗಿಸಿ ನೋಡಿದ್ರೆ ಹಿಂದಿನ ಗಾಲಿ ಅಚ್ಚಿಗೆ ಉದ್ದುದ್ದ ಕೂದಲು, ಹೂವಿನ ದಾರ ಬಿಗಿಯಾಗಿ ಸುತ್ತಿಕೊಂಡಿದ್ವು. ಪಿನ್ನಿನಿಂದ ಬಿಡಿಸಿದೆ. ಎತ್ತಿ ಹಿಡಿದ್ರೆ ಗಾಲಿ ತಿರುಗಿತು, ನೆಲಕ್ಕಿಟ್ರೆ ಮತ್ತೆ ಬರೀ ಸದ್ದು. ನಾಕು ಸ್ಕ್ರೂ ಬಿಚ್ಚಿದ್ವಿ. ಮೋಟ್ರಿನ ಕಡ್ಡಿಗೆ ಸಿಕ್ಕಿಸಿರೋ ಪುಟ್ಟ ಪ್ಲಾಸ್ಟಿಕ್ ಹಲ್ಲಿನ ಚಕ್ರ ಸೀಳಿತ್ತು. ಕಡ್ಡಿ ಒಳಗೇ ಜಾರ್ತಿತ್ತು. ಕೂದಲು ಅಚ್ಚು ಹಿಡಿದಾಗ ಮೋಟ್ರು ಜಗ್ಗಿ ಜಗ್ಗಿ ಚಕ್ರ ಒಡೆದೈತಿ.

ಆ ಕೂದಲು ಯಾರದ್ದು? ದಿನಾ ಪಡಸಾಲೆಯಾಗೆ ಕುಂತು ತಲೆ ಬಾಚೋಳು ನಾನೇ!

ಗಮ್ ಹಾಕಾನ ಅಂದ. ಬ್ಯಾಡ ಅಂದೆ, ಅದು ಮೋಟ್ರೊಳಗೆ ಇಳಿದ್ರೆ ಇರೋದೂ ಹೋತು. "ತಪ್ಪಾತಪ್ಪ" ಅಂತಾನೂ ಅಂದೆ. ಅವನು ಏನೂ ಅನ್ಲಿಲ್ಲ, ಚಕ್ರದ ಹಲ್ಲು ಎಣಿಸ್ತಿದ್ದ. ಆಮ್ಯಾಲೆ ಅವರಪ್ಪಂಗೆ ಫೋನ್ ಮಾಡಿ, "8 ಹಲ್ಲಿಂದು ತಗಂಬಾ" ಅಂದ. ಕೂದಲ ಸುದ್ದಿ ಮಾತ್ರ ಎತ್ತಲಿಲ್ಲ.