ಬೈ ಟೂ

ಇವತ್ತು ಬೆಳಿಗ್ಗೆ ನಮ್ಮ ಬಡಾವಣೆಯ ದರ್ಶಿನಿಯ ಗಲ್ಲಾದ ಗಾಜಿಗೆ ಹೊಸದೊಂದು ಚೀಟಿ ಅಂಟಿಸಿದ್ದರು: ‘ಬೈ ಟೂ ಇಲ್ಲ’. ಮೇಲೆ ‘ದಯವಿಟ್ಟು’ ಇಲ್ಲ, ಕೆಳಗೆ ‘ಕ್ಷಮಿಸಿ’ ಇಲ್ಲ. ಇದಕ್ಕಿಂತ ದೊಡ್ಡ ಅನ್ಯಾಯಗಳು ಲೋಕದಲ್ಲಿವೆ, ಬಲ್ಲೆ. ಆದರೆ ಅವು ಬೆಳಿಗ್ಗೆ ಏಳೂವರೆಗೆ, ಕಾಫಿ ಗಂಟಲಿಗಿಳಿಯುವ ಮುಂಚೆ ನನ್ನೆದುರು ಬಂದು ನಿಲ್ಲುವುದಿಲ್ಲ.

ಜೊತೆಗಿದ್ದವನು ನನ್ನ ಹಳೆಯ ಗೆಳೆಯ, ನಿವೃತ್ತ ಕನ್ನಡ ಮೇಷ್ಟ್ರು. ಎರಡು ಪ್ಲೇಟ್ ಇಡ್ಲಿ, ಒಂದು ಬೈ ಟೂ ಕಾಫಿ; ಮೂವತ್ತು ವರ್ಷದಿಂದ ನಮ್ಮ ಆರ್ಡರು ಬದಲಾಗಿಲ್ಲ. “ಎರಡು ಫುಲ್ ತಗೊಳ್ಳಿ ಸಾರ್, ಏನಾಗತ್ತೆ?” ಎಂದ ಗಲ್ಲಾದ ಹುಡುಗ. ಹಾಲಿನ ಬೆಲೆ, ಬಾಡಿಗೆ, ಒಂದು ಕಾಫಿಯ ದುಡ್ಡಿಗೆ ಎರಡು ಲೋಟ ತೊಳೆಯುವ ಕೂಲಿ, ಎಲ್ಲವೂ ನ್ಯಾಯವೇ. ಒಪ್ಪಿದೆ, ಅದನ್ನು ಅಲ್ಲಿಗೇ ಬಿಡೋಣ.

ಆದರೆ ಬೈ ಟೂ ಅನ್ನುವುದು ಜಿಪುಣತನ ಅಂದುಕೊಂಡವರ ಮೇಲೆ ನನಗೆ ನಿಜವಾದ ಕೋಪವಿದೆ. ಮುಂಬೈಯ ಕಟಿಂಗ್ ಚಹಾವನ್ನು ಒಬ್ಬನೇ ನಿಂತು ಕುಡಿಯಬಹುದು. ಬೈ ಟೂ ಹಾಗಲ್ಲ. ಒಬ್ಬರೇ ಹೋಗಿ ಕೇಳಿ ನೋಡಿ, ‘ಇನ್ನೊಬ್ಬರೆಲ್ಲಿ?’ ಎಂದು ಇಡೀ ಹೋಟೆಲು ನಿಮ್ಮ ಬೆನ್ನ ಹಿಂದೆ ಹುಡುಕುತ್ತದೆ. ಕಾಫಿ ಹಾಕುವವನ ಕೈಯನ್ನು ಗಮನಿಸಿದ್ದೀರಾ? ಒಂದು ಲೋಟಕ್ಕೆ ಸುರಿಯುತ್ತಾನೆ, ಇನ್ನೊಂದಕ್ಕೆ ಸುರಿಯುತ್ತಾನೆ, ಬಗ್ಗಿ ನೋಡುತ್ತಾನೆ. ಎಡಗಡೆಯದು ಕಮ್ಮಿ. ಅದಕ್ಕಿಷ್ಟು. ಈಗ ಬಲಗಡೆಯದು ಕಮ್ಮಿ. ಅದಕ್ಕೂ ಇಷ್ಟು. ಹೀಗೆ ಸರಿದೂಗಿಸುವುದರಲ್ಲಿ ಎರಡು ಅರ್ಧ ಸೇರಿದರೆ ಒಂದಕ್ಕಿಂತ ಜಾಸ್ತಿಯೇ ಆಗಿರುತ್ತದೆ. ಸಂತೆಯಲ್ಲಿ ಅಳೆದ ಮೇಲೆ ಹಾಕುವ ಕೊಸರು ಅದು. ಕೊಸರಿಲ್ಲದಿದ್ದರೆ ಅದು ಬೈ ಟೂ ಅಲ್ಲ, ಬರೀ ಭಾಗಾಕಾರ.

(ಮಸಾಲೆ ದೋಸೆಯ ಬೈ ಟೂ ಬೇರೆ ವಿಷಯ. ನಡುವಿನ ಪಲ್ಯ ಯಾರಿಗೆ ಎಂಬಲ್ಲಿ ಎಷ್ಟೋ ಸ್ನೇಹಗಳು ಹಳಸಿವೆ.)

ಅಷ್ಟರಲ್ಲಿ ಇಡ್ಲಿ ಬಂತು. ಇಡ್ಲಿ ಬಂದರೆ ಮೇಷ್ಟ್ರಿಗೆ ವಡ್ಡಾರಾಧನೆ ಬರುತ್ತದೆ. ಹತ್ತನೆಯ ಶತಮಾನದ ಆ ಗದ್ಯದಲ್ಲಿ ‘ಇಡ್ಡಲಿಗೆ’ ಇದೆಯೆಂದು ಅವನು ನನಗೆ ಹೇಳುತ್ತಿರುವುದು ಇದು ಎಷ್ಟನೆಯ ಸಲವೋ. ಇವತ್ತು ಲೋಕೋಪಕಾರಕ್ಕೂ ಕೈ ಹಾಕಿದ. 1025ರ ಸುಮಾರಿಗೆ ಚಾವುಂಡರಾಯ ಬರೆದದ್ದು. ಅದರ ಪಾಕದಲ್ಲಿ ಉದ್ದು ಇದೆ, ನೆನೆಸಲು ಮಜ್ಜಿಗೆ ಇದೆ, ಇಂಗು ಜೀರಿಗೆ ಮೆಣಸೂ ಇವೆ. “ಆದರೆ ಅಕ್ಕಿ ಇಲ್ಲ ಕಣಯ್ಯ! ಅದು ಆಮೇಲೆ ಬಂದು ಸೇರಿಕೊಂಡದ್ದು.”

ನಾನು ಚಮಚ ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಒಂದು ಪಾವು ಉದ್ದಿಗೆ ಎರಡು ಪಾವು ಇಡ್ಲಿ ರವೆ. ಅಂದರೆ ಒಂದು ಬೈ ಎರಡು! ಈ ಹೋಟೆಲಿನವರು ಕಾಫಿಗೆ ಬೇಡವೆಂದದ್ದನ್ನು ದಿನಾ ರಾತ್ರಿ ಹಿಟ್ಟಿಗೆ ಮಾಡುತ್ತಾರಲ್ಲ! ಗಲ್ಲಾಕ್ಕೆ ಹೋಗಿ ಹೇಳಿಬರುತ್ತೇನೆಂದು ಹೊರಟವನ ತೋಳು ಹಿಡಿದು ಮೇಷ್ಟ್ರು ನಿಲ್ಲಿಸಿದ.

“ಅದಿರಲಿ, ಕನ್ನಡದಲ್ಲಿ ಬೈ ಟೂಗೆ ಏನಂತೀಯ?” ಎಂದ.

ಅರೆ ಕಾಫಿ ಎನ್ನೋಣವೆಂದರೆ ‘ಅರೆ’ಯ ಸಹವಾಸ ಸರಿಯಿಲ್ಲ: ಅರೆಬೆಂದ, ಅರೆಮನಸ್ಸು, ಅರೆಹುಚ್ಚ. ಅರ್ಧ ಕಾಫಿ ಎಂದರೆ ಯಾರೋ ಕುಡಿದು ಬಿಟ್ಟದ್ದರ ಹಾಗಿರುತ್ತದೆ. ವೀಸ ಎಂದರೆ ಹದಿನಾರರಲ್ಲೊಂದು, ಕಾಣಿ ಎಂದರೆ ಅರವತ್ನಾಲ್ಕರಲ್ಲೊಂದು ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ನಮ್ಮಜ್ಜಿಗೂ ಇಬ್ಬರು ಹಂಚಿಕೊಂಡ ಕಾಫಿಗೆ ಹೆಸರಿರಲಿಲ್ಲ. ಹಂಚಿಕೊಳ್ಳುವ ಪ್ರಶ್ನೆಯೂ ಇರಲಿಲ್ಲ, ಅಜ್ಜಿಯ ಚೊಂಬು ಅಜ್ಜಿಗೇ.

“ಕಾಲು ಅನ್ನೋದೇ ನೋಡು,” ಎಂದ ಮೇಷ್ಟ್ರು. ಪಾಠ ಶುರುವಾಗಿತ್ತು. “ನಾಲ್ಕರಲ್ಲಿ ಒಂದು ಪಾಲೂ ಕಾಲೇ, ನಡೆಯೋದೂ ಕಾಲೇ. ಸಂಸ್ಕೃತದ ಪಾದಕ್ಕೂ ಎರಡೂ ಅರ್ಥ. ಹಸುವಿಗೆ ನಾಲ್ಕು ಕಾಲು, ಪೂರ್ತಿ ಒಂದು. ಮನುಷ್ಯನಿಗೆ ಎರಡೇ ಕಾಲು.”

“ಅಂದ್ರೆ ನಾನು ಅರ್ಧ?”

“ನೀನೊಬ್ಬನೇ ಅಲ್ಲ.”

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ಬೆಂಗಳೂರು ನಿಂತೇ ತಿನ್ನುವುದನ್ನು ಕಲಿತಿದೆ. ಹಾಗಾಗಿ ಕಾಲು ಎಣಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ; ಕುರ್ಚಿಗಳ ಕಾಲು ನಡುವೆ ಬರುವುದಿಲ್ಲ. ಕಂಬದ ಪಕ್ಕ ಫೋನು ನೋಡುತ್ತ ಖಾರಾಬಾತ್ ತಿನ್ನುತ್ತಿದ್ದ ಹುಡುಗ ಅರ್ಧ. ಒಂದೇ ಪ್ಲೇಟಿಗೆ ಎರಡು ಚಮಚ ಹಾಕಿಕೊಂಡಿದ್ದ ಗಂಡ ಹೆಂಡತಿ ಪೂರ್ತಿ ಒಂದು. ನಾವಿಬ್ಬರೂ ಒಂದೇ, ಎದುರಿಗೆ ಎರಡು ಫುಲ್ ಕಾಫಿ ಆರುತ್ತಿದ್ದರೂ. ಆಗ ಊರುಗೋಲು ಹಿಡಿದ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದರು.

“ಮುಕ್ಕಾಲು,” ಎಂದು ಮೇಷ್ಟ್ರು ಪಿಸುಗುಟ್ಟಿದ.

ಅವರು ಗಲ್ಲಾದ ಮುಂದೆ ನಿಂತು, ಚೀಟಿಯಲ್ಲೇನು ಬರೆದಿದೆಯೆಂದು ಓದಲು ಜೇಬಿನಲ್ಲಿ ಕನ್ನಡಕ ಹುಡುಕತೊಡಗಿದರು.