28 ದಿನಕ್ಕೊಂದು ಸೂಜಿ

ಈ ವಾರ ರಾಗಿ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. "ಮನೆಯವರಿಗೆ ನೀನೇ ಇಂಜೆಕ್ಷನ್ ಚುಚ್ತೀಯಂತೆ, ಹೌದಾ?" ಅಂತ ಡೈರಿ ಹತ್ರ ಮೂರ್ನಾಲ್ಕು ಜನ ಕೇಳಿದ್ರಿ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೆದುಬಿಡ್ತೀನಿ. ನಮ್ಮನೆಯವಳನ್ನು ಕೇಳೇ ಬರೀತಿದ್ದೀನಿ, "ಬರೀರಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಅಂದ್ಲು.

ಅವಳಿಗಿರೋ ಕಾಯಿಲೆ ಹೆಸರು ಆಕ್ರೊಮೆಗಲಿ. ತಲೆಯೊಳಗೆ ಕಡಲೆಕಾಳಿನಷ್ಟು ಪಿಟ್ಯುಟರಿ ಅನ್ನೋ ಗ್ರಂಥಿ ಇದೆ. ಅದರಲ್ಲಿ ಗಡ್ಡೆ ಬೆಳೆದು ಬೆಳವಣಿಗೆ ಹಾರ್ಮೋನು ಲೆಕ್ಕ ಮೀರಿ ಸುರಿಯುತ್ತೆ. ದೊಡ್ಡವರಲ್ಲಿ ಎತ್ತರ ಬೆಳೆಯೋದು ಮುಗಿದಿರುತ್ತಲ್ಲ, ಹಾಗಾಗಿ ಕೈ, ಕಾಲು, ಮೂಗು, ದವಡೆ ದಪ್ಪ ಆಗ್ತವೆ. ಇದು ಕ್ಯಾನ್ಸರ್ ಗಡ್ಡೆ ಅಲ್ಲ. ಆದ್ರೆ ಬಿಟ್ರೆ ಹೃದಯಕ್ಕೇ ಬರುತ್ತೆ.

ನಮಗೆ ಗೊತ್ತಾಗೋಕೆ ಆರು ವರ್ಷ ಬೇಕಾಯ್ತು. ಮದುವೆ ಆದಾಗ ಅವಳದ್ದು ಎರಡು ನಾಲ್ಕರ ಬಳೆ. ಬರ್ತಾ ಬರ್ತಾ ಎರಡು ಎಂಟೂ ಹತ್ತದಂಗಾಯ್ತು. "ಕಳೆ ಕಿತ್ತು ಕಿತ್ತು ಕೈ ದಪ್ಪ ಆಗಿದೆ ಕಣೇ" ಅಂತ ನಾನೇ ನಕ್ಕಿದ್ದೆ. ಚಪ್ಪಲಿ ನಂಬರೂ ಎರಡು ಮೇಲೆ ಹೋಯ್ತು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಅಕ್ಕಸಾಲಿ ಹತ್ರ ಕತ್ತರಿಸಿಯೇ ತೆಗೆಸಬೇಕಾಯ್ತು. ಗಂಡ ಬದುಕಿರುವಾಗ ಕಾಲುಂಗುರ ಕತ್ತರಿಸಿದ್ರು ಅಂತ ಅವತ್ತು ರಾತ್ರಿಯೆಲ್ಲ ಅತ್ತಿದ್ಲು. ಆವಾಗ್ಲೂ ನನಗೆ ಹೊಳೆಯಲಿಲ್ಲ. ಗೊರಕೆ, ಬೆವರು, ತಲೆನೋವು, ಆಮೇಲೆ ಸಕ್ಕರೆ ಕಾಯಿಲೆ ಬಂತು. ಒಂದೊಂದಕ್ಕೆ ಒಂದೊಂದು ಮಾತ್ರೆ ನುಂಗಿಸಿದ್ವಿ. ಕೊನೆಗೆ ಸಕ್ಕರೆ ಕಾಯಿಲೆ ನೋಡೋ ಒಬ್ಬ ಹುಡುಗ ಡಾಕ್ಟರು ಅವಳ ಕೈ ಹಿಡಿದು ನೋಡಿ, "ಹತ್ತು ವರ್ಷದ ಹಿಂದಿನ ಫೋಟೋ ಇದೆಯಾ?" ಅಂದ್ರು. ಗೃಹಪ್ರವೇಶದ ಫೋಟೋ ತೋರಿಸ್ದೆ. ಅವತ್ತೇ ಐಜಿಎಫ್-1 ಅನ್ನೋ ರಕ್ತಪರೀಕ್ಷೆ ಬರೆದ್ರು, ಆಮೇಲೆ ಎಂಆರ್‌ಐ.

ಬೆಂಗಳೂರಲ್ಲಿ ಮೂಗಿನೊಳಗಿಂದಲೇ ಆಪರೇಷನ್ ಮಾಡಿ ಗಡ್ಡೆ ತೆಗೆದ್ರು. ರಕ್ತನಾಳದ ಪಕ್ಕ ಅಂಟಿಕೊಂಡ ಚೂರು ಹಾಗೇ ಉಳೀತು. ಆ ಚೂರನ್ನು ಅದುಮಿ ಇಡೋಕೆ ಲ್ಯಾನ್ರಿಯೊಟೈಡ್ ಅನ್ನೋ ಇಂಜೆಕ್ಷನ್. ಮಾವಿನ ಗಿಡಕ್ಕೆ ಕಲ್ಟಾರ್ ಹಾಕಿ ಚಿಗುರು ತಡೀತೀವಲ್ಲ, ಹೆಚ್ಚುಕಮ್ಮಿ ಆ ಥರ. "ಸಾಕು, ನಿಲ್ಲಿಸು" ಅಂತ ಹೇಳೋ ಹಾರ್ಮೋನು ಮೈಯಲ್ಲೇ ಇದೆ, ಈ ಔಷಧಿ ಅದರ ನಕಲು. ಸಿರಿಂಜಲ್ಲಿ ಮೊದಲೇ ತುಂಬಿಸಿ ಬರುತ್ತೆ, ಗಂಜಿಯಂತೆ ಗಟ್ಟಿ. ಚರ್ಮದ ಕೆಳಗೆ ಗುಡ್ಡೆಯಾಗಿ ಕೂತು, ಡ್ರಿಪ್‌ನಲ್ಲಿ ನೀರು ತೊಟ್ಟಿಕ್ಕಿದಂಗೆ 28 ದಿನ ಮೈಗೆ ಇಳೀತಾ ಇರುತ್ತೆ.

ಎರಡನೇ ಇಂಜೆಕ್ಷನ್ನಿಗೆ ಬೆಂಗಳೂರಿಗೆ ಯಾಕೆ ಹೋಗೋದು ಅಂತ ಇಲ್ಲೇ ಹತ್ತಿರದ ಒಂದು ಕ್ಲಿನಿಕ್ಕಲ್ಲಿ ಹಾಕಿಸಿದೆ. ಐಸ್ ಬಾಕ್ಸಿಂದ ತೆಗೆದವರೇ ಚುಚ್ಚಿ, ಒಂದೇ ಸಲಕ್ಕೆ ಒತ್ತಿ, ಸೂಜಿ ಎಳೆದುಬಿಟ್ರು. ಒಂದಿಷ್ಟು ಔಷಧಿ ಚರ್ಮದ ಮೇಲೆ ಹರೀತು. ಆ ಇಂಜೆಕ್ಷನ್ನಿನ ದುಡ್ಡಿಗೆ ನಾನು ಹಸು ಮಾರಿದ್ದೆ. ಅವರ ತಪ್ಪು ಅಂತ ಪೂರ್ತಿ ಹೇಳಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಸಲ ದೊಡ್ಡಾಸ್ಪತ್ರೆ ಸಿಸ್ಟರ್ ಹತ್ರ ಕಲಿಸಿ ಅಂತ ಕೇಳ್ದೆ. "ಹಸುಗೆ ನೂರಾರು ಚುಚ್ಚಿದ್ದೀನಿ ಮೇಡಂ" ಅಂದೆ. "ಹಂಗಾದ್ರೆ ಅದನ್ನು ಮೊದಲು ಮರೀರಿ" ಅಂದ್ರು. ಹಸುಗೆ ಕತ್ತಿನ ಮೇಲೆ ನಾಲ್ಕು ತಟ್ಟಿ, ಅದು ಬೆದರೋದ್ರೊಳಗೆ ಕೆಲಸ ಮುಗಿಸ್ತೀವಿ. ಇದು ಅದಕ್ಕೆ ಪೂರ್ತಿ ಉಲ್ಟಾ, ಎಲ್ಲಾ ನಿಧಾನ. ಅವರ ಮುಂದೆ ಮೂರು ಸಲ ನನ್ನ ಕೈಯಲ್ಲೇ ಹಾಕಿಸಿದ್ರು. ಅವಳ ರಕ್ತಪರೀಕ್ಷೆ ಒಂದು ಹದಕ್ಕೆ ಬಂದ ಮೇಲೆ ಡಾಕ್ಟರು ಮನೇಲಿ ಕೊಡೋಕೆ ಒಪ್ಪಿದ್ರು.

ಈಗ ನಮ್ಮನೇಲಿ ನಡೆಯೋದು ಹಿಂಗೆ. ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡ್ತೀನಿ, ಐಸ್ ಕಟ್ಟೋ ಜಾಗದಲ್ಲಿ ಅಲ್ಲ. ಕಾಲುಬಾಯಿ ಜ್ವರದ ಲಸಿಕೆಗೂ ಇದೇ ಲೆಕ್ಕ, ನಿಮಗೆ ಗೊತ್ತಿರೋದೇ. ಚುಚ್ಚೋಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದು, ಪೊಟ್ಟಣ ಒಡೆಯದೆ ಇಡ್ತೀನಿ. ಬಿಸಿನೀರು, ಬಿಸಿಲು ಏನೂ ತಾಗಿಸಲ್ಲ. ತಣ್ಣಗಿದ್ರೆ ನೋವು ಜಾಸ್ತಿ. ಸೋಪಲ್ಲಿ ಕೈ ತೊಳೆದು, ಕುಂಡಿಯ ಮೇಲ್ಭಾಗದಲ್ಲಿ ಹೊರಬದಿಗೆ, ಚರ್ಮ ಚಿವುಟದೆ ಬಿಗಿಯಾಗಿ ಅಗಲಿಸಿ ಹಿಡಿದು, ಸೂಜಿ ನೆಟ್ಟಗೆ ಪೂರ್ತಿ ಇಳಿಸ್ತೀನಿ. ಆಮೇಲೆ 20 ಸೆಕೆಂಡ್ ಒತ್ತಬೇಕು. ಮುಂದಕ್ಕೆ ಹೋಗದಂಗೆ ನಿಂತ ಮೇಲೇ ಎಳೆಯೋದು. ಉಜ್ಜಬಾರದು. ಒಂದು ತಿಂಗಳು ಬಲಕ್ಕೆ, ಇನ್ನೊಂದು ತಿಂಗಳು ಎಡಕ್ಕೆ. ತಾರೀಖು, ಯಾವ ಕಡೆ ಅನ್ನೋದನ್ನ ಹಾಲಿನ ಲೆಕ್ಕದ ಬುಕ್ಕಲ್ಲೇ ಬರೀತೀನಿ. ಸೂಜಿ ತಿಪ್ಪೆಗೆ ಎಸೆಯಲ್ಲ, ದನದ ಕಾಲಿಗೋ ಮಕ್ಕಳ ಕಾಲಿಗೋ ಹೊಕ್ಕೀತು. ಗಟ್ಟಿ ಡಬ್ಬಿಯಲ್ಲಿ ಹಾಕಿಟ್ಟು ಆಸ್ಪತ್ರೆಗೇ ವಾಪಸ್ ಕೊಡ್ತೀನಿ.

ಮನೇಲಿ ಮೊದಲನೇ ಸಲ ನನ್ನ ಕೈ ಗಡಗಡ ನಡುಗ್ತು. "ಹಸು ಅಂದ್ಕೊಂಡು ಚುಚ್ಬೇಡಿ ರೀ" ಅಂದ್ಲು. 20 ಎಣಿಸೋವಾಗ ನನಗೇ ಗೊತ್ತಿಲ್ಲದೆ ಕಣದಲ್ಲಿ ರಾಗಿ ಅಳೆದಂಗೆ "ಲಾಭ, ಎರಡು, ಮೂರು" ಅಂತ ಶುರು ಮಾಡಿದ್ದೆ. ಅವಳಿಗೆ ನಗು ತಡೆಯೋಕಾಗ್ಲಿಲ್ಲ. "ಅಲ್ಲಾಡ್ಬೇಡ ಕಣೇ" ಅಂತ ನಾನು. ಈಗ್ಲೂ ಲಾಭದಿಂದಲೇ ಎಣಿಸೋದು.

ಕಷ್ಟ ಇಲ್ಲ ಅಂತಲ್ಲ. ಇಂಜೆಕ್ಷನ್ ಆದ ಎರಡು ಮೂರು ದಿನ ಹೊಟ್ಟೆ ನುಲಿತ, ಭೇದಿ ಇರುತ್ತೆ. ಪಿತ್ತಕೋಶದಲ್ಲಿ ಕಲ್ಲಾಗಬಹುದು ಅಂತ ಸ್ಕ್ಯಾನ್ ಮಾಡಿಸ್ತಿರಬೇಕು. ಹೋದ ಮಳೆಗಾಲ ಒಂದಿನ ಪೂರ್ತಿ ಕರೆಂಟಿಲ್ಲದೆ ನನಗೆ ಊಟ ಸೇರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ, ಎಷ್ಟು ಹೊತ್ತು, ಪೊಟ್ಟಣ ಒಡೆದಿಲ್ಲ ಅಂತೆಲ್ಲ ಹೇಳಿ, ಅವರು ಸರಿ ಅಂದ ಮೇಲೇ ಕೊಟ್ಟಿದ್ದು. ನೀವೂ ಕೇಳದೆ ಏನೂ ಮಾಡ್ಬೇಡಿ. ಕಲಿಸದೆ ಯಾರೂ ಚುಚ್ಚೋಕೂ ಹೋಗ್ಬೇಡಿ.

ಬೆಳೆದ ಮೂಳೆ ಹಿಂದಕ್ಕೆ ಹೋಗಲ್ಲ, ಬಳೆ ಮತ್ತೆ ಎರಡು ನಾಲ್ಕು ಆಗಲ್ಲ. ಆದ್ರೆ ಐಜಿಎಫ್-1 ಹದದಲ್ಲಿದೆ, ತಲೆನೋವು ಇಳಿದಿದೆ. ಹೋದ ತಿಂಗಳು ದೊಡ್ಡ ಅಳತೆಯ ಹೊಸ ಕಾಲುಂಗುರ ಮಾಡಿಸಿ ಹಾಕ್ಕೊಂಡ್ಲು.

ನಾವು ಎಲೆ ಮುದುರಿದ್ರೆ ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸ್ತೀವಿ. ಮನೆಯವರ ಚಪ್ಪಲಿ ನಂಬರ್ ಎರಡು ಸಲ ಬದಲಾದ್ರೂ ಕಣ್ಣಿಗೆ ಬೀಳಲ್ಲ. ಇವತ್ತು ಸಂಜೆ ಮನೆಗೆ ಹೋಗಿ ಒಂದ್ಸಲ ಕೇಳಿ, ಉಂಗುರ ಬಿಗಿ ಆಗ್ತಿದೆಯಾ ಅಂತ. ಮುಂದಿನ ವಾರ ರಾಗಿ ಕಥೆ.