ಕಾಣೆಯ ಬಾಯಿಗೆ ತಕ್ಕ ಗಾಳ

ಮಂಗಳೂರಿನ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿ ಹತ್ತಿದವರು ಆ ಸಂಜೆ ನೋಡಿದ್ದು ಗುರುಪುರ ಹೊಳೆಯನ್ನಲ್ಲ. ದಡದಲ್ಲಿ ನಿಂತಿರುವ, 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಕಾವಲು ಬುರುಜನ್ನೂ ಅಲ್ಲ. ಎಲ್ಲರ ಕಣ್ಣೂ ಬೆಂಗಳೂರಿನಿಂದ ಬಂದಿದ್ದ ಯುವಕನ ಕೈಯಲ್ಲಿದ್ದ ಹದಿನಾಲ್ಕು ಅಡಿ ಉದ್ದದ ಗಾಳದ ಕೋಲಿನ ಮೇಲಿತ್ತು. ಕಡಲು ಕಾಣುವ ತನಕ ತಾಳ್ಮೆಯಿಲ್ಲದೆ ಆತ ಅದನ್ನು ಈಚೆ ದಡದಲ್ಲೇ ಜೋಡಿಸಿಬಿಟ್ಟಿದ್ದ. ದೋಣಿ ಓಲಾಡಿದಾಗಲೆಲ್ಲ ಕೋಲಿನ ತುದಿ ಒಬ್ಬರಲ್ಲ ಒಬ್ಬರ ತಲೆ ಸವರುತ್ತಿತ್ತು. ಮೀನಿನ ಬುಟ್ಟಿಯ ಹೆಂಗಸೊಬ್ಬರು ಸೆರಗನ್ನು ತಲೆಗೆ ಸುತ್ತಿಕೊಂಡು ಬಗ್ಗಿ ಕುಳಿತರು.

ಹೊಳೆ ದಾಟಿದರೆ ತಣ್ಣೀರುಬಾವಿ. ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ನಡುವೆ ನಾಲಗೆಯಂತೆ ದಕ್ಷಿಣಕ್ಕೆ ಚಾಚಿದ ಮರಳಿನ ಪಟ್ಟಿ. ಅದರ ತುದಿಯಲ್ಲಿ ಬೆಂಗ್ರೆ. ಬೆಂಗ್ರೆ ಮುಗಿಯುವಲ್ಲಿ ಗುರುಪುರ ಹೊಳೆಯೂ ನೇತ್ರಾವತಿಯೂ ಕೂಡಿ, ಅಳಿವೆಬಾಗಿಲಿನಲ್ಲಿ ಕಡಲಿಗೆ ಇಳಿಯುತ್ತವೆ. ಗಾಳಿಮರಗಳ ನೆರಳು ದಾಟಿ ಮರಳಿಗೆ ಕಾಲಿಟ್ಟರೆ, ರಜೆಯ ದಿನ ಚರುಮುರಿ ತಿನ್ನುವವರ ಗದ್ದಲ; ಸ್ವಲ್ಪ ದಕ್ಷಿಣಕ್ಕೆ ನಡೆದರೆ ಅಲೆಯ ಸದ್ದು ಮಾತ್ರ.

ಅಲ್ಲಿ ಯುವಕ ಕಾಲೂರಿ ನಿಂತು, ಇದ್ದ ಬಲವನ್ನೆಲ್ಲ ಹಾಕಿ ಗಾಳ ಬೀಸಿದ. ಸೀಸ ಹೋಗಿ ಬಿದ್ದದ್ದು ಎಲ್ಲೋ ಕಣ್ಣಿಗೆಟುಕದ ದೂರದಲ್ಲಿ. ನೋಡುತ್ತಿದ್ದ ಹುಡುಗರು ಶಿಳ್ಳೆ ಹೊಡೆದರು. ಇಪ್ಪತ್ತು ಮಾರು ಆಚೆ ಮುದುಕರೊಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅವರ ಬಳಿ ಕೋಲಿಲ್ಲ, ರೀಲಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ತಂಗೂಸಿ ದಾರ, ತುದಿಯಲ್ಲೊಂದು ಚಿಕ್ಕ ಸೀಸ, ಒಂದು ಕೊಕ್ಕೆ. ಬಲಗೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಟ್ಟರೆ ಹದಿನೈದು ಮಾರು ಆಚೆಗೆ ಹೋಗಿ ಬೀಳುತ್ತಿತ್ತು, ಅಷ್ಟೆ. ಸೂರ್ಯ ಮುಳುಗುವ ಹೊತ್ತಿಗೆ ಅವರ ಚೀಲದಲ್ಲಿ ಆರು ಕಾಣೆ ಮೀನುಗಳಿದ್ದವು. ಯುವಕನ ಕೊಕ್ಕೆಯಲ್ಲಿ ಸಿಗಡಿಯೂ ಉಳಿದಿರಲಿಲ್ಲ.

"ಅಜ್ಜಾ, ಇಲ್ಲಿ ಮೀನೇ ಇಲ್ವಾ?" ಎಂದು ಆತ ಕೇಳಿದ.

"ಉಂಟು ಮಾರಾಯ್ರೆ, ಇಲ್ಲದೆ ಏನು? ನೀವು ಅದರ ತಲೆಯ ಮೇಲಿಂದ ಆಚೆ ಬಿಸಾಡ್ತಾ ಇದ್ದೀರಿ" ಎಂದರು ಮುದುಕರು, ನಗದೆ.

ಕಡಲ ದಡದಿಂದ ಗಾಳ ಹಾಕಲು ಹೊರಡುವ ಹೊಸಬರು ಮಾಡುವ ತಪ್ಪೆಲ್ಲ ಈ ಒಂದು ಮಾತಿನಲ್ಲಿದೆ. ಕಡಲು ದೊಡ್ಡದು, ಆದ್ದರಿಂದ ಕೋಲೂ ದೊಡ್ಡದಿರಬೇಕು, ಕೊಕ್ಕೆಯೂ ದೊಡ್ಡದಿರಬೇಕು ಎಂದುಕೊಳ್ಳುತ್ತಾರೆ. ಅಂಜಲ್ ಮೀನಿನ ಕನಸು ಕಾಣುತ್ತ ಅಂಗಡಿಗೆ ಹೋಗುತ್ತಾರೆ. ಮರಳು ತೀರದಲ್ಲಿ ಕೈಗೆ ಸಿಗುವುದು ಬೇರೆಯದೇ ಮೀನು.

ಕಾಣೆಯನ್ನೇ ನೋಡಿ. ಮಂಗಳೂರಿನ ಊಟದ ಹೋಟೆಲುಗಳಲ್ಲಿ ರವೆ ಹೊದ್ದು ಬಾಣಲೆಯಿಂದೇಳುವ ಈ ಬೆಳ್ಳಿ ಬಣ್ಣದ ಮೀನು ವಾಸಿಸುವುದು ಅಳಿವೆಗಳಲ್ಲಿ, ದಡದ ಮಗ್ಗುಲಿನ ಆಳವಿಲ್ಲದ ಮರಳಿನಲ್ಲಿ. ಸಾಮಾನ್ಯವಾಗಿ ಒಂದು ಗೇಣಿನಷ್ಟು ಉದ್ದ. ಚೂಪು ಮೂತಿಯಿಂದ ಮರಳನ್ನು ಕೆದಕಿ ಹುಳುಗಳನ್ನೂ ಪುಟ್ಟ ಸಿಗಡಿಗಳನ್ನೂ ಹೆಕ್ಕಿ ತಿನ್ನುತ್ತದೆ. ಬೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ಅದರ ಬಾಯಿ ಬಹಳ ಚಿಕ್ಕದು. ಹೆಬ್ಬೆರಳು ಗಾತ್ರದ ಕೊಕ್ಕೆ ಇಟ್ಟರೆ ಅಂಚಿನಿಂದ ಸಿಗಡಿಯನ್ನು ಕಚ್ಚಿ ಕಚ್ಚಿ ತಿಂದು ಹೋಗುತ್ತದೆಯೇ ಹೊರತು ಕೊಕ್ಕೆ ನುಂಗುವುದಿಲ್ಲ. ಯುವಕನ ಎರೆ ಮಾಯವಾಗುತ್ತಿದ್ದುದರ ಗುಟ್ಟು ಇದೇ ಇರಬೇಕು.

ಹಾಗಾದರೆ ಹೊಸಬರು ಕೊಳ್ಳಬೇಕಾದದ್ದೇನು? ಮೀನಿನ ಬಾಯಿಂದಲೇ ಲೆಕ್ಕ ಶುರುಮಾಡುವುದು ಒಳ್ಳೆಯದು. ಕಾಣೆಗೆ ಉದ್ದ ಕಾಲಿನ 6 ಅಥವಾ 8ನೇ ನಂಬರಿನ ಕೊಕ್ಕೆ ಸಾಕು. ಕೊಕ್ಕೆಯ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಗಾತ್ರ ಕಿರಿದು ಎಂಬುದು ನೆನಪಿರಲಿ. ಕೊಕ್ಕೆ ಚಿಕ್ಕದಾದರೆ ದಾರವೂ ತೆಳ್ಳಗಾಗಬಹುದು: ಆರೇಳು ಕಿಲೋ ಭಾರ ತಡೆಯುವ ಒಂಟಿ ಎಳೆಯ ನೈಲಾನ್ ದಾರ, ಇನ್ನೂರು ಮೀಟರ್. ಈಗ ಮಾರುಕಟ್ಟೆಯಲ್ಲಿ ಹೆಣೆದ ದಾರಗಳೂ ಇವೆ. ತೆಳುವಾದರೂ ಗಟ್ಟಿ, ನಿಜ. ಆದರೆ ಗಂಟಾದರೆ ಬಿಡಿಸುವುದು ಕಷ್ಟ, ಬೆರಳನ್ನೂ ಕೊಯ್ಯುತ್ತದೆ. ನೈಲಾನ್ ಸ್ವಲ್ಪ ಹಿಗ್ಗುತ್ತದೆ. ಕಲಿಯುವವರ ಅವಸರದ ಎಳೆತವನ್ನು ಆ ಹಿಗ್ಗು ಸಹಿಸಿಕೊಳ್ಳುತ್ತದೆ.

ದಾರ ತೆಳುವಾದರೆ 40ರಿಂದ 60 ಗ್ರಾಂ ಸೀಸ ಸಾಲುತ್ತದೆ. ಅಷ್ಟು ಸೀಸ ಎಸೆಯಲು ಒಂಬತ್ತು ಹತ್ತು ಅಡಿಯ, ಎರಡು ತುಂಡಾಗಿ ಬಿಚ್ಚಿಕೊಳ್ಳುವ ಫೈಬರಿನ ಕೋಲು ಬೇಕಾದಷ್ಟಾಯಿತು. ಹದಿನಾಲ್ಕು ಅಡಿಯ ಕೋಲು ಪಳಗಿದ ಭುಜಕ್ಕೆ ಸರಿ. ಹೊಸಬರಿಗೆ ಅದು ಅರ್ಧ ಗಂಟೆಯಲ್ಲಿ ತೋಳು ನೋವು ತರುತ್ತದೆ. ರೀಲಿನಲ್ಲಿ 4000 ಎಂದು ಗುರುತಿಸುವ ನಡುಗಾತ್ರದ ಸ್ಪಿನ್ನಿಂಗ್ ರೀಲ್ ಕಲಿಯಲು ಸುಲಭ. ಎಸೆಯುವಾಗ ದಾರ ಅದರ ಅಂಚಿನ ಮೇಲಿಂದ ತಾನಾಗಿ ಜಾರುತ್ತದೆ. ಉರುಳೆಯೇ ತಿರುಗುವ ಇನ್ನೊಂದು ಬಗೆಯ ರೀಲಿನಲ್ಲಿ ಹೆಬ್ಬೆರಳಿನ ಹಿಡಿತ ತಪ್ಪಿತೋ, ದಾರವೆಲ್ಲ ಕಾಗೆಗೂಡು! ರೀಲನ್ನು ಮರಳಿನ ಮೇಲೆ ಇಡಬಾರದು. ಮನೆಗೆ ಹೋದೊಡನೆ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಉಪ್ಪು ಯಾವ ಕಂಪನಿಯ ಹೆಸರನ್ನೂ ನೋಡಿ ಬಿಡುವುದಿಲ್ಲ.

ಕಟ್ಟುವ ಕ್ರಮವೂ ಸರಳ. ತೂತಿರುವ ಸೀಸದೊಳಗೆ ದಾರ ಪೋಣಿಸಿ, ತುದಿಗೆ ಚಿಕ್ಕ ತಿರುಗುಕೊಂಡಿ, ಅದಕ್ಕೆ ಒಂದೂವರೆ ಅಡಿ ದಾರ, ಕೊನೆಗೆ ಕೊಕ್ಕೆ. ಮೀನು ಎಳೆದಾಗ ದಾರ ಸೀಸದೊಳಗೆ ಸರಿಯುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ. ಎರೆಗೆ ಹೊಸ ಸಿಗಡಿ, ಸುಲಿದು ಉಗುರಿನಷ್ಟು ತುಂಡು ಮಾಡಿದ್ದು. ಇಷ್ಟನ್ನೂ ಕೊಳ್ಳಲು ಮನಸ್ಸಿಲ್ಲದಿದ್ದರೆ ಬಾಟಲಿಗೆ ಐವತ್ತು ಮೀಟರ್ ದಾರ ಸುತ್ತಿಕೊಂಡು ಹೊರಡಬಹುದು. ಕಚ್ಚಿದ್ದು ಮೀನೋ ಅಲೆಯೋ ಎಂಬುದನ್ನು ಬೆರಳಿಗೆ ಕಲಿಸುವ ಗುರು ಅದಕ್ಕಿಂತ ಬೇರೆಯಿಲ್ಲ.

ಆ ಮುದುಕರು ಹುಡುಗರಾಗಿದ್ದಾಗ ಈ ದಡದಲ್ಲಿ ರಂಪಣಿ ಎಳೆಯುತ್ತಿದ್ದವರು. ದೋಣಿಯಲ್ಲಿ ಉದ್ದನೆಯ ಬಲೆಯನ್ನು ಕಡಲಿಗೆ ಒಯ್ದು ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಮಂದಿ ಎಳೆಯುವ ಕಸುಬು ಅದು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಬಲೆ ಹೋಯಿತು, ನೀರು ಓದುವ ಕಣ್ಣು ಮಾತ್ರ ಉಳಿಯಿತು. ಅದನ್ನು ದಕ್ಕೆಯ ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

"ಅಲ್ಲಿ ನೋಡಿ" ಎಂದು ಅವರು ಯುವಕನಿಗೆ ತೋರಿಸಿದರು. ದೂರದ ಮರಳದಿಣ್ಣೆಯ ಮೇಲೆ ಅಲೆ ಮೊದಲ ಸಲ ಬೆಳ್ಳಗೆ ಒಡೆಯುತ್ತದೆ. ಅನಂತರ ನೀರು ತುಸು ಕಪ್ಪಾಗಿ ತಣ್ಣಗಾಗುತ್ತದೆ. ದಡದ ಬಳಿ ಮತ್ತೆ ಒಡೆಯುತ್ತದೆ. ಎರಡು ಬಿಳಿಗೆರೆಗಳ ನಡುವಿನ ಕಪ್ಪುಪಟ್ಟಿಯೇ ತಗ್ಗು. ಅಲೆ ಕೆದಕಿದ ಹುಳು ಹುಪ್ಪಟೆ ಅಲ್ಲಿ ಸೇರುತ್ತದೆ. ಮೀನೂ ಅಲ್ಲಿಗೇ ಬರುತ್ತದೆ. ನೀರು ಏರುವ ಹೊತ್ತು ಒಳ್ಳೆಯದು. ಭರತ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುವುದರಿಂದ ನಿನ್ನೆಯ ಗಡಿಯಾರ ಇಂದಿಗೆ ಹೊಂದುವುದಿಲ್ಲ.

ಅದೇ ನೀರು ಎಚ್ಚರಿಕೆಯನ್ನೂ ಹೇಳುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು, ನಡುವೆ ಒಂದೆಡೆ ಮಾತ್ರ ಒಡೆಯದೆ ನೀರು ಹೊರಕ್ಕೆ ಹರಿಯುತ್ತಿದ್ದರೆ ಅದು ಸೆಳೆತದ ಜಾಗ, ಅಲ್ಲಿ ಕಾಲಿಡಬಾರದು. ಅಳಿವೆಯ ತಡೆಗೋಡೆಯ ಪಾಚಿಗಟ್ಟಿದ ಬಂಡೆಗಳು ಹೊಸಬರ ಜಾಗವಲ್ಲ. ಮಳೆಗಾಲದಲ್ಲಿ, ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವಾಗ, ಕಲಿಯಲು ಹೊರಡುವುದು ಹುಚ್ಚು ಸಾಹಸ. ನವರಾತ್ರಿಯ ನಂತರ ಕಡಲು ತಣಿಯುತ್ತದೆ, ಕಾಯಬಹುದು. ಗಾಳಕ್ಕೆ ಮೀಸೆಯ ತೇಡೆಯೋ ಬಾಲದಲ್ಲಿ ಮುಳ್ಳಿರುವ ತೊರಕೆಯೋ ಬಂದರೆ ಬರಿಗೈಯಲ್ಲಿ ಮುಟ್ಟದೆ ಇಕ್ಕಳದಿಂದ ಕೊಕ್ಕೆ ಬಿಡಿಸಬೇಕು. ಚೆಂಡಿನಂತೆ ಹೊಟ್ಟೆ ಉಬ್ಬಿಸುವ ಮೀನನ್ನು ತಿನ್ನುವ ಮಾತೇ ಇಲ್ಲ, ಅದು ವಿಷ.

ತುಂಡಾದ ದಾರವನ್ನು ಮರಳಿನಲ್ಲಿ ಬಿಟ್ಟು ಬರುವುದೂ ಒಂದು ಬಗೆಯ ವಿಷವೇ. 2024ರ ಆರಂಭದಲ್ಲಿ ಮಂಗಳೂರಿನ ಸುತ್ತಲ ತೀರದಲ್ಲೇ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟಿದ್ದವು. ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟಿ ಕಾದಿದ್ದರು. ಆಮೆಯ ಕಾಲಿಗೂ ಹಕ್ಕಿಯ ಕೊರಳಿಗೂ ನೈಲಾನ್ ಒಂದೇ ತೆರನಾದ ಉರುಳು.

ಕತ್ತಲಾಗುವ ಮೊದಲು ಮುದುಕರು ತಮ್ಮ ಅಂಗಿಯ ಕಿಸೆಯಿಂದ, ಬೆಂಡಿಗೆ ಚುಚ್ಚಿಟ್ಟಿದ್ದ ಒಂದು ಸಣ್ಣ ಕೊಕ್ಕೆ ತೆಗೆದು ಯುವಕನ ದಾರಕ್ಕೆ ಕಟ್ಟಿಕೊಟ್ಟರು. ಸೀಸವನ್ನೂ ಬದಲಿಸಿದರು. ಈ ಸಲ ಆತ ಬೀಸಲಿಲ್ಲ, ಕಪ್ಪುಪಟ್ಟಿಯ ಅಳತೆ ನೋಡಿ ಮೆಲ್ಲನೆ ಬಿಟ್ಟ. ಮೂರನೆಯ ಸಲಕ್ಕೆ ಕೋಲಿನ ತುದಿ ಟಕಟಕನೆ ಎರಡು ಬಾರಿ ನಡುಗಿತು. ಬಂದದ್ದು ಅಂಗೈಯಷ್ಟೂ ಉದ್ದವಿಲ್ಲದ ಕಾಣೆಮರಿ. ಆತ ಮುದುಕರ ಮುಖ ನೋಡಿದ. ಅವರು ಕಡಲಿನ ಕಡೆ ಗಲ್ಲ ಆಡಿಸಿದರು. ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ನೀರಿಗಿಳಿಸಿದ. ಒಂದು ಕ್ಷಣ ನಿಂತಂತೆ ಮಾಡಿ ಅದು ಮರಳಿನ ಬಣ್ಣದಲ್ಲಿ ಕರಗಿಹೋಯಿತು.

ವಾಪಸಾಗುವ ದೋಣಿಯಲ್ಲಿ ಹದಿನಾಲ್ಕು ಅಡಿಯ ಕೋಲು ಬಿಚ್ಚಿಕೊಂಡು ಅವನ ಕಾಲ ಬಳಿ ಮಲಗಿತ್ತು. ಕೊಕ್ಕೆಯನ್ನು ಚುಚ್ಚಿಟ್ಟ ಬೆಂಡು ಅವನ ಮುಷ್ಟಿಯೊಳಗಿತ್ತು.